ಬಳಿಚಕ್ರದ ನಂಬರ್

ಹಂಚಿಕೊಂಡು ತಿನ್ನದವರನ್ನು ಕಂಡರೆ ನನಗೆ ಆಗುವುದಿಲ್ಲ. ಅದಕ್ಕೇ ಈ ಕೆಲಸ ಒಗ್ಗಿದೆ. ನಮ್ಮ ಜಿಲ್ಲೆಯ ಮೊಬೈಲ್‌ಗಳ ಡೇಟಾವೆಲ್ಲ ಕಂಪನಿಯ ಗೇಟ್‌ವೇ ಹಾಯ್ದೇ ಹೋಗಬೇಕು. ಕಾಲುವೆಗೆ ತೂಬಿದ್ದಂತೆ ಅದು. ಯಾರಿಗೆ ಎಷ್ಟು ವೇಗ ಬಿಡಬೇಕೆಂಬ ನಿಯಮವನ್ನು ಶಹಾಪುರದ ಮನೆಯಲ್ಲಿ ಕುಳಿತು ಬರೆಯುವವಳು ನಾನು. ಯಾರು ಏನು ನೋಡುತ್ತಾರೆಂದು ನನಗೆ ಕಾಣುವುದಿಲ್ಲ, ಎಷ್ಟು ಎಳೆಯುತ್ತಾರೆಂದಷ್ಟೇ ಕಾಣುತ್ತದೆ.

ಆ ವಾರ ಹೊಸ ನಿಯಮದ ಪರೀಕ್ಷೆ ನಡೆದಿತ್ತು: ಅತಿಯಾಗಿ ಎಳೆಯುವ ನಂಬರಿನ ವೇಗ ಇಳಿಸುವುದು. ಬಳಿಚಕ್ರ ಎಂಬ ಊರಿನ ಒಂದು ನಂಬರ್ ಬೆಳಗಾದರೆ ಶುರು, ಹೊತ್ತು ಮುಳುಗುವವರೆಗೂ ಬಿಡುವಿಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಎಂದು ಬೈದುಕೊಂಡು, ಒಂದು ದಿನ ಬೆಳಗಿನ ಚಹಾ ಕುಡಿಯುತ್ತಲೇ ಅದನ್ನು ಬಿಗಿದೆ. ಪರದೆಯ ಮೇಲೆ ಅದರ ಗೆರೆ ಧೊಪ್ಪನೆ ಕುಸಿಯಿತು. ಖುಷಿಯೇ ಆಯಿತು.

ಅದೇ ಮಧ್ಯಾಹ್ನ ದೇವಿಂದ್ರನ ಫೋನು ಬಂತು. ನಮ್ಮ ಟವರ್‌ಗಳ ರಿಪೇರಿ ಅವನದು. ಆಗ ಸುರಪುರದ ಆಚೆ ಒಂದು ಟವರಿನ ಬುಡದಲ್ಲಿದ್ದ. ಬಳಿಚಕ್ರದಿಂದ ಕೊಡೇಕಲ್ಲಿನ ಗುಡಿಗೆ ಹರಕೆ ಹೊತ್ತು ನಡೆದು ಹೊರಟ ಮಂದಿ ಬೆಳಗಿನಿಂದ ಅಲ್ಲೇ ಕೂತಿದ್ದಾರಂತೆ, ಏಳುತ್ತಿಲ್ಲವಂತೆ. ಮುಂದೆ ನಡೆಯುವವನ ಕೋಲಿಗೆ ಮೊಬೈಲ್ ಕಟ್ಟಿದೆ. ಅದರ ತುಂಬ ಒಬ್ಬ ಮುದುಕಿಯ ಮುಖ. ಪ್ರತಿ ವರ್ಷ ಈ ದಾರಿ ತುಳಿಯುತ್ತಿದ್ದ ಮಾನಮ್ಮ. ಈ ಸಲ ಸೊಂಟ ಮುರಿದು ಊರಲ್ಲೇ ಹಾಸಿಗೆ ಹಿಡಿದವಳನ್ನು ವಿಡಿಯೋ ಕಾಲಿನಲ್ಲೇ ಕರೆದುಕೊಂಡು ಹೊರಟಿದ್ದರು. ಒಬ್ಬರ ಮೊಬೈಲ್ ಬರಿದಾದರೆ ಕೋಲಿಗೆ ಇನ್ನೊಬ್ಬರದು.

“ಪಂಚಶೀಲಾ ಮೇಡಂ, ಮುಖ ಅಲ್ಲಾಡವಲ್ದು ಅಂತ ಕುಂತಾರ್ರಿ,” ಎಂದ. “ನೆಟ್‌ವರ್ಕ್ ಅಂದ್ರ ಕೇಳವಲ್ರು. ಮಾನಮ್ಮ ದಣಿದು ಕುಂತಾಳ, ಕುಂತಾಕಿನ್ನ ಬಿಟ್ಟು ಮುಂದ ಹೋಗೂ ಪದ್ಧತಿ ನಮ್ಮಲ್ಲಿಲ್ಲ ಅಂತಾರ. ಹಿಂಗಾದ್ರ ಹುಣ್ಣಿಮಿ ತಪ್ಪತದ್ರಿ. ಮಾನಮ್ಮನ ನಂಬರ್‌ಗೆ ಏನರ ಮಾಡೀರೇನು?”

ಹುಣ್ಣಿಮೆಗೆ ಗುಡಿ ಮುಟ್ಟದಿದ್ದರೆ ಆ ಮುದುಕಿಯ ಹರಕೆ ಮುರಿದಂತೆ. ನಮ್ಮ ಮನೆಯಲ್ಲಿ ಹರಕೆ ಗಿರಕೆ ಇಲ್ಲ. ಬುದ್ಧನ ಮುಂದೆ ದೀಪ ಹಚ್ಚಿ ಸುಮ್ಮನೆ ಕೂರುವವರು ನಾವು. ಆದರೂ ಕೈಲಿದ್ದ ಕೆಲಸ ಬಿಟ್ಟು ಆ ನಂಬರಿನ ಗೆರೆ ತೆರೆದೆ. ಪೋರನೆಂದು ನಾನು ಬೈದ ನಂಬರ್ ಇಷ್ಟು ದಿನ ಎಳೆದದ್ದು ಹತ್ತಿಹೊಲ, ಗುಡ್ಡ, ಧೂಳು, ತನ್ನ ಊರಿನವರ ಬೆನ್ನು. ಎಂಥ ಮಂದಿ ಇವರು! ನಾನೊಂದು ಸಾಲು ಬರೆದದ್ದಕ್ಕೆ ಬಿಸಿಲಲ್ಲಿ ಒಂದು ಊರೇ ಕೂತುಬಿಟ್ಟಿತ್ತು.

ಆ ನಂಬರನ್ನು ನಿಯಮದಿಂದ ಹೊರಗಿಟ್ಟೆ. ಗೆರೆ ತುಸು ತಡೆದು ಮೇಲೇರಿತು. ದೇವಿಂದ್ರನ ಫೋನಿನಲ್ಲಿ ಗದ್ದಲ ಕೇಳಿತು. ಅದು ಅಡಗಿದ ಮೇಲೆ ಕೋಲಿನ ಮೇಲಿಂದ ಮಾನಮ್ಮನ ದನಿ, ಸಣ್ಣಗೆ:

“ದಣಿವು ಆರೇತೇನ್ರಪಾ? ಬಿಟ್ಟು ಹೆಂಗ ಹೋಗ್ಲಿ ಅಂತ ನಿಮ್ಮ ಸಲುವಾಗೇ ಕುಂತಿದ್ನಿ. ನಡೀರಿನ್ನ.”

ಅಷ್ಟೂ ಮಂದಿ ಎದ್ದು ಹೊರಟ ಸದ್ದು ಕೇಳಿಸಿತು. ಶಹಾಪುರದ ಕೋಣೆಯಲ್ಲಿ ನಾನೂ ಎದ್ದು ನಿಂತಿದ್ದೆ.