ತಾಯಿಮರದ ಬುಡದ ಸಸಿಗಳು

ಕಾಡಿನ ಗಿಡಮರಗಳ ಲೆಕ್ಕವಿಡುವ ಸಂಶೋಧಕಿಗೆ ಆ ವರ್ಷ ಸಹಾಯಕರೇ ಸಿಗಲಿಲ್ಲ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು, ಅಂಗಡಿ ಮುಚ್ಚಿ ಮನೆಯಲ್ಲಿ ಚಡಪಡಿಸುತ್ತಿದ್ದ ಮಾವ, "ಅಳೆಯೋದು, ಎಣಿಸೋದು ತಾನೇ? ನಾನು ಬರ್ತೀನಮ್ಮಾ" ಎಂದು ಸೊಸೆಯ ಜೊತೆ ಹೊರಟೇಬಿಟ್ಟರು.

ದೊಡ್ಡ ಮರವೊಂದರ ಕೆಳಗೆ ದಾರ ಕಟ್ಟಿದ ಚೌಕ. ಎರಡು ತಿಂಗಳ ಹಿಂದೆ ಅದರಲ್ಲಿ ಆ ಮರದ್ದೇ ಮುನ್ನೂರ ಹನ್ನೆರಡು ಸಸಿಗಳಿದ್ದವು. ಈಗ ಎಣಿಸಿದರೆ ಒಂಬತ್ತು! ನಲವತ್ತು ಹೆಜ್ಜೆ ಆಚೆ ಮೊಳೆತಿದ್ದ ಹದಿಮೂರರಲ್ಲಿ ಹನ್ನೊಂದು ನೆಟ್ಟಗೆ ನಿಂತಿದ್ದವು.

"ನೆರಳು ಜಾಸ್ತಿ ಮಾವ, ಅದಕ್ಕೇ ಸತ್ತಿವೆ."

"ನೆರಳು ಅಲ್ಲೂ ಇದೆಯಲ್ಲಮ್ಮಾ? ಮತ್ತೆ ಇದೇ ಚೌಕದಲ್ಲಿ ಬೇರೆ ಜಾತಿ ಸಸಿಗಳು ಚೆನ್ನಾಗೇ ಇವೆ."

ಅವಳ ತಲೆಗೆ ಹುಳ ಬಿಟ್ಟಂತಾಯಿತು. ಮಾವ ಆಗಲೇ ಮಂಡಿಯೂರಿ, ಕನ್ನಡಕ ಸರಿಮಾಡಿಕೊಂಡು, ಒರಗಿಬಿದ್ದ ಸಸಿಯೊಂದನ್ನು ಎತ್ತಿದ್ದರು.

"ಇಲ್ನೋಡು, ಬುಡಕ್ಕೆ ಯಾರೋ ಕಚ್ಚಾ ಹೊಲಿಗೆ ಹಾಕಿದ ಹಾಗಿದೆ."

ಹೌದು, ನೂಲಿಗಿಂತ ಸಣ್ಣ ಬಿಳಿ ಎಳೆಗಳು. ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಗೊತ್ತಾಯಿತು, ಅದು ಬೂಸ್ಟು, ಅಂದರೆ ಶಿಲೀಂಧ್ರ.

ಮರುವರ್ಷ ಬೀಜ ಮೊಳೆತಾಗ ಅವಳು ಅದೇ ಮರದಡಿ ಎರಡು ಚೌಕ ಮಾಡಿದಳು. ಒಂದಕ್ಕೆ ಬೂಸ್ಟು ಕೊಲ್ಲುವ ಔಷಧಿ, ಇನ್ನೊಂದಕ್ಕೆ ಬರೀ ನೀರು.

"ಯಾವುದಕ್ಕೆ ಏನು ಹಾಕಿದೆ ಅಂತ ನಂಗೆ ಹೇಳಬೇಡ," ಎಂದರು ಮಾವ. "ಗೊತ್ತಾದ್ರೆ ಎಣಿಸುವಾಗ ಕಣ್ಣು ಪಕ್ಷ ವಹಿಸುತ್ತೆ."

ಎರಡು ತಿಂಗಳಾದ ಮೇಲೆ ಅವರು ಎಣಿಸಿ ಹೇಳಿದರು: ಎಡಗಡೆ ಆ ಮರದ ಸಸಿ ಏಳು, ಬಲಗಡೆ ನೂರ ಅರವತ್ತನಾಲ್ಕು. ಔಷಧಿ ಬಿದ್ದದ್ದು ಬಲಗಡೆಗೆ. ಸೊಸೆ ಕುಣಿದಾಡಿಬಿಟ್ಟಳು.

ಮಾವ ಮಾತ್ರ ಚೌಕ ಬಿಟ್ಟು ಏಳಲಿಲ್ಲ.

"ಎಡಗಡೆ ಬೇರೆ ಬೇರೆ ಜಾತಿ ಹನ್ನೊಂದಿವೆ ಕಣಮ್ಮಾ. ಬಲಗಡೆ ನಾಲ್ಕೇ. ಉಳಿದವಕ್ಕೆ ಕಾಲಿಡೋಕೂ ಜಾಗ ಇಲ್ಲ."

ಅವಳೂ ಪಕ್ಕದಲ್ಲೇ ಮಂಡಿಯೂರಿ ಎರಡೂ ಚೌಕ ಎಣಿಸಿ ನೋಡಿದಳು. ವರ್ಷವಿಡೀ ಕೊಲೆಗಾರನೆಂದು ಬೈದುಕೊಂಡಿದ್ದ ಬೂಸ್ಟು ಇಷ್ಟೊಂದು ಜಾತಿಗಳಿಗೆ ಜಾಗ ಮಾಡಿಕೊಡುತ್ತಿತ್ತು!

"ಹಾಗಾದ್ರೆ ಬೂಸ್ಟಿಲ್ದಿದ್ರೆ ಕಾಡೆಲ್ಲ ಒಂದೇ ಮರ ತುಂಬ್ಕೊಳ್ತಿತ್ತಾ?" ಎಂದು ಕೇಳಿದರು ಮಾವ.

"ಗೊತ್ತಿಲ್ಲ ಮಾವ. ಒಂದು ಮರದ ಬುಡ ನೋಡಿ ಹೇಳೋಕಾಗಲ್ಲ. ಕಡೇಪಕ್ಷ ಇಪ್ಪತ್ತಾದ್ರೂ ನೋಡಬೇಕು."

"ಇಪ್ಪತ್ತಾ?" ಮಾವ ಮಂಡಿಯ ಮಣ್ಣು ಕೊಡವಿಕೊಂಡು ಎದ್ದರು. "ಸರಿ, ಎರಡನೇದು ಯಾವ ಕಡೆ?"