ಬಾತುಕೋಳಿಗಳು ಎಲ್ಲಿಗೆ ಹೋದವು?

ಕೋಳಿ ಅಂಗಡಿಯ ಅಕ್ಕನಿಗೆ ಶುಚಿಯೆಂದರೆ ಪ್ರಾಣ. ಅಂಥವಳ ಅಂಗಡಿಯಲ್ಲೇ ಕೋಳಿಗಳು ಒಂದರ ಹಿಂದೊಂದು ಕತ್ತು ವಾಲಿಸಿ ಸತ್ತವು. ಆಮೇಲೆ ಗಂಡನಿಗೆ ಜ್ವರ ಬಂತು, ಉಸಿರಾಡಲು ಕಷ್ಟವಾಗಿ ಆಸ್ಪತ್ರೆ ಸೇರಿದ. ಅಕ್ಕನಿಗೆ ಒಂದೇ ಭಯ. ಕಾಯಿಲೆ ಬಂದದ್ದು ಅಂಗಡಿಯಿಂದಲೇ ಎಂದು ಬೀದಿಯವರ ಬಾಯಿಗೆ ಬಿದ್ದರೆ ಗತಿಯೇನು?

ಯಾರಿಗೂ ಹೇಳದೆ ಸತ್ತ ಕೋಳಿಗಳನ್ನು ಮೂಟೆ ಕಟ್ಟಿ ಎಸೆದಳು. ಬ್ಲೀಚಿಂಗ್ ಪುಡಿ ಸುರಿದು ಪಂಜರ, ನೆಲ, ಮಾಂಸ ಕೊಚ್ಚುವ ಮರದ ಕೊರಡು, ಮೋರಿ ಎಲ್ಲವನ್ನೂ ತಿಕ್ಕಿ ತಿಕ್ಕಿ ತೊಳೆದಳು. ಅಲ್ಲಿ ಮಾರುತ್ತಿದ್ದದ್ದು ಕೋಳಿಯೋ ಕನ್ನಡಿಯೋ ಎನ್ನುವಷ್ಟು ಅಂಗಡಿ ಥಳಥಳ ಹೊಳೆಯಿತು.

ಅಷ್ಟರಲ್ಲಿ ಆಸ್ಪತ್ರೆಯವರು ತಿಳಿಸಿದ್ದರಿಂದ ಪಶುವೈದ್ಯೆ ಬಂದರು. ಕೈಗೆ ಗವಸು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಹತ್ತಿಕಡ್ಡಿಯಿಂದ ಅಲ್ಲಲ್ಲಿ ಒರೆಸಿ ನೋಡಿದರು. ಎಲ್ಲಿ ಒರೆಸಿದರೂ ಬ್ಲೀಚಿಂಗ್ ವಾಸನೆ. ಎಲ್ಲವನ್ನೂ ಯಾಕೆ ತೊಳೆದಿರಿ ಎಂದು ಕೇಳಿದ್ದೇ ತಡ, ಅಕ್ಕನಿಗೆ ರೇಗಿತು.

"ಸತ್ತ ಕೋಳಿ ಎಸೆದು ತೊಳೆಯೋದೂ ತಪ್ಪಾ? ಜ್ವರ ಬಂದಿರೋದು ನಮ್ಮ ಮನೆಯವರಿಗೆ. ಅವರನ್ನ ಆಸ್ಪತ್ರೇಲಿ ನೋಡ್ಕೋತಿದಾರೆ. ದನದ ಡಾಕ್ಟ್ರಿಗೆ ಇಲ್ಲೇನು ಕೆಲಸ?"

ವೈದ್ಯೆ ಬೇಸರಿಸಲಿಲ್ಲ. ಗಂಡನಿಗೆ ತಗಲಿರುವುದು ಹಕ್ಕಿಗಳ ವೈರಸ್ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ ಎಂದರು. ಇವತ್ತು ಹಕ್ಕಿಯಿಂದ ಮನುಷ್ಯನಿಗೆ ಬಂದ ವೈರಸ್, ನಾಳೆ ರೂಪ ಬದಲಿಸಿಕೊಂಡು ಮನುಷ್ಯನಿಂದ ಮನುಷ್ಯನಿಗೆ ಹರಡತೊಡಗಿದರೆ ಲೋಕವನ್ನೇ ಸುತ್ತಬಹುದು. ಯಾವ ಪ್ರಾಣಿಯಿಂದ, ಎಲ್ಲಿಂದ ಬಂತೆಂದು ಬೇಗ ತಿಳಿದರೆ ಅಲ್ಲೇ ತಡೆಯಲು ನೋಡಬಹುದು. ಅದರ ಜಾಡು ಇದ್ದದ್ದು ಆ ಸತ್ತ ಕೋಳಿಗಳಲ್ಲಿ, ಈ ಪಂಜರದಲ್ಲಿ, ಈ ಮೋರಿಯಲ್ಲಿ.

"ಹೋಗ್ಲಿ ಅಕ್ಕ, ಸಾಯದೆ ಉಳಿದ ಹಕ್ಕಿ ಏನಾದ್ರೂ ಇದ್ಯಾ?"

"ಹೊಸದಾಗಿ ತಂದ ಬಾತುಕೋಳಿ ಇದ್ವು. ಅವಕ್ಕೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ವು. ಮಗು ಆಡ್ಕೊಳ್ಳಲಿ ಅಂತ ತಂಗಿ ಮನೆಗೆ ಕಳಿಸಿದೆ."

ವೈದ್ಯೆ ಹತ್ತಿಕಡ್ಡಿ ಬದಿಗಿಟ್ಟರು. "ಬಾತುಕೋಳಿಗಳು ಕಾಯಿಲೆ ಬೀಳದೇನೇ ಈ ವೈರಸ್ ಹೊತ್ಕೊಂಡು ಓಡಾಡಬಹುದು ಅಕ್ಕ."

ಅಕ್ಕ ತಕ್ಷಣ ತಂಗಿಗೆ ಫೋನ್ ಮಾಡಿದಳು. ಆ ಕಡೆಯಿಂದ ತಂಗಿ ನಗುತ್ತಾ ಹೇಳಿದಳು: "ನನ್ನ ಮಗ ನಿನ್ನ ಬಾತುಕೋಳೀನ ತಬ್ಕೊಂಡು ಕೂತಿದಾನೆ ಕಣೇ ಅಕ್ಕ, ಬಿಡು ಅಂದ್ರೂ ಬಿಡಲ್ಲ."

ವೈದ್ಯೆಯೇ ಫೋನ್ ತೆಗೆದುಕೊಂಡು ಏನು ಮಾಡಬೇಕೆಂದು ತಂಗಿಗೆ ತಿಳಿಸಿದರು.

ಬಾತುಕೋಳಿಗಳ ಪರೀಕ್ಷೆಯಾಯಿತು. ಗಂಡನಲ್ಲಿದ್ದ ವೈರಸ್ಸೇ ಅವುಗಳಲ್ಲೂ ಇತ್ತು. ಅದೇ ಜಾಡು ಹಿಡಿದು ಅವುಗಳನ್ನು ಸಾಕಿದ ಕೆರೆಯಂಗಳ ಸಿಕ್ಕಿತು, ಅಲ್ಲಿಂದ ಹಕ್ಕಿಗಳ ಮಾರಾಟ ನಿಂತಿತು. ಮಗುವಿಗೆ ಜ್ವರ ಬರುವ ಮೊದಲೇ ಔಷಧಿ ಶುರುವಾದದ್ದರಿಂದ ಅದು ಪಾರಾಯಿತು. ಗಂಡನೂ ಅರ್ಧಕ್ಕರ್ಧ ಇಳಿದುಹೋಗಿ ಮನೆಗೆ ಬಂದ. ಈಗ ಬೀದಿಯಲ್ಲಿ ಯಾರ ಮನೆಯ ಕೋಳಿ ಸತ್ತರೂ ವೈದ್ಯೆಗೆ ಮೊದಲು ಫೋನ್ ಮಾಡುವವಳು ಅಕ್ಕನೇ. ಆದರೂ ಆ ಮಗು ಸುಮ್ಮನೆ ಸೀನಿದರೂ ಸಾಕು, ಅವಳ ಜೀವ ಬಾಯಿಗೆ ಬರುತ್ತದೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮಲ್ಲೂ ಹಕ್ಕಿ, ಪ್ರಾಣಿಗಳು ಇದ್ದಕ್ಕಿದ್ದಂತೆ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಎಸೆಯಬೇಡಿ, ಉಳಿದವನ್ನು ಮಾರಲೂಬೇಡಿ, ಯಾರಿಗೂ ಕೊಡಲೂಬೇಡಿ. ಬಾಗಿಲು ಹಾಕಿ, ಪಶುವೈದ್ಯರಿಗೆ ತಿಳಿಸಿ. ಅವರು ಮಾದರಿ ತೆಗೆದುಕೊಂಡ ಮೇಲೆ ಅವರು ಹೇಳಿದಂತೆ ಎಷ್ಟು ಬೇಕಾದರೂ ತೊಳೆಯಿರಿ. ಹೇಳಿದರೆ ಮಾನ ಹೋಗುತ್ತದೆಂದು ಹೆದರಬೇಡಿ. ನೀವು ಮುಚ್ಚಿಟ್ಟ ಕಾಯಿಲೆಯನ್ನು ಈ ಹೊತ್ತು ಯಾವ ಮನೆಯ ಮಗು ತಬ್ಬಿಕೊಂಡು ಕೂತಿದೆಯೋ, ಯಾರಿಗೆ ಗೊತ್ತು?