ಬೀಳಲಾರದೆ ನಿಂತ ಒನಕೆ

ನಾನು ಒಂದು ಒನಕೆ. ಮಧುಗಿರಿ ಕಡೆಯ ಬಡಗಿಯೊಬ್ಬ ಜಾಲಿಮರದಲ್ಲಿ ನನ್ನನ್ನು ಕೆತ್ತಿದ. ಕಮ್ಮಾರ ಬುಡಕ್ಕೆ ಕಬ್ಬಿಣದ ಬಳೆ ತೊಡಿಸಿ ಸಪಾಟಾಗಿ ಬಡಿದ. ನನ್ನ ಹಣೆಬರಹವೆಲ್ಲ ಆ ಸಪಾಟು ಬುಡದಲ್ಲೇ ಇತ್ತು.

ಕೆಂಚಮ್ಮ ಮದುವೆಯಾಗಿ ಬಂದ ವರ್ಷವೇ ನಾನೂ ಆ ಮನೆ ಸೇರಿದೆ. ದಿನಾ ಕುಟ್ಟುವ ಕೆಲಸ. ಗ್ರಹಣ ಬಂದರೆ ಮಾತ್ರ ನನಗೆ ದೊಡ್ಡಸ್ತಿಕೆ. ಹಿತ್ತಾಳೆ ತಟ್ಟೆಗೆ ನೀರು ಹಾಕಿ ನಡುವೆ ನನ್ನನ್ನು ನಿಲ್ಲಿಸುತ್ತಿದ್ದರು. ನಿಂತಿರುವಷ್ಟು ಹೊತ್ತು ಗ್ರಹಣ, ಬಿದ್ದರೆ ಬಿಟ್ಟಿತು ಎಂದು ನಂಬಿಕೆ. ಉಬ್ಬುತಗ್ಗಿನ ಮಣ್ಣುನೆಲ, ಯಾರಾದರೂ ದಡದಡ ನಡೆದರೆ ಬಿದ್ದೇಬಿಡುತ್ತಿದ್ದೆ. ಅದನ್ನೇ ಅವರು ಸೂರ್ಯನ ಸುದ್ದಿ ಅಂದುಕೊಂಡರು.

ಕೆಂಚಮ್ಮನ ಚೊಚ್ಚಲ ಮಗು ಸೀಳುತುಟಿಯೊಂದಿಗೆ ಹುಟ್ಟಿ, ಹಾಲು ಕುಡಿಯಲಾರದೆ ಹನ್ನೊಂದನೇ ದಿನ ತೀರಿಕೊಂಡಿತು. ಬಸುರಿಯಿದ್ದಾಗ, ಗ್ರಹಣದ ದಿನ, ನಾನು ಬೀಳುವ ಮೊದಲೇ ಅವಳು ಬದನೆಕಾಯಿ ಹೆಚ್ಚಿದ್ದಳಂತೆ. ಅದಕ್ಕೇ ಕೂಸಿನ ತುಟಿ ಸೀಳಿತು ಎಂದು ಊರೆಲ್ಲ ಅಂದಿತು. ಅವಳೂ ನಂಬಿದಳು.

ಮೂವತ್ತು ವರ್ಷದ ಮೇಲೆ ಸೊಸೆ ಜಲಜ ಎಂಟು ತಿಂಗಳ ಬಸುರಿ; ಅಂಗನವಾಡಿ ಟೀಚರ್. ಸೂರ್ಯಗ್ರಹಣದ ದಿನ ಆಕಾಶದ ತುಂಬ ಮೋಡ. ಅತ್ತೆ ಬಾಗಿಲು ಹಾಕಿ ನನ್ನನ್ನು ನಿಲ್ಲಿಸಿದಳು. ಹೊತ್ತು ಹೋಗಲೆಂದು ಜಲಜ ದೀಪದ ಮುಂದೆ ನಿಂಬೆಹಣ್ಣು ಹಿಡಿದಳು. ಅದರ ನೆರಳು ಅತ್ತೆಯ ಮುಖದ ಮೇಲೆ ಬಿತ್ತು.

"ದೀಪ ಸೂರ್ಯ, ನಿಂಬೆಹಣ್ಣು ಚಂದ್ರ, ನೀವು ಭೂಮಿ. ಚಂದ್ರ ನಡುವೆ ಅಡ್ಡ ಬಂದ್ರೆ ನೆರಳು ನಮ್ಮ ಮೇಲೆ ಬೀಳುತ್ತೆ, ಅಷ್ಟೇ ಅತ್ತೆ. ಚಿಕ್ಕವನಾದ್ರೂ ಹತ್ತಿರ ಇದಾನಲ್ಲ, ಸೂರ್ಯನ್ನೇ ಮುಚ್ಚಿಬಿಡ್ತಾನೆ."

"ಹಂಗಾರೆ ಎಲ್ಲಾ ಅಮಾಸೆಗೂ ಯಾಕಾಗಲ್ಲ?"

"ಅವನ ದಾರಿ ಸ್ವಲ್ಪ ಓರೆ. ಬಹಳ ಸಲ ನೆರಳು ನಮಗೆ ತಗಲದೆ ಮೇಲೋ ಕೆಳಗೋ ಹೋಗಿಬಿಡುತ್ತೆ."

ಕೆಂಚಮ್ಮ ತಲೆ ಕೊಡವಿದಳು. ಸ್ವಲ್ಪ ಹೊತ್ತಿಗೆ ಜಲಜ ಹೊಟ್ಟೆ ಹಿಡಿದು ಕುಸಿದಳು. ಸೀರೆಯೆಲ್ಲ ರಕ್ತ.

"ಅತ್ತೆ, ಆಸ್ಪತ್ರೆ! ಗಡಿಯಾರ ನೋಡಿ, ಗ್ರಹಣ ಬಿಟ್ಟು ಅರ್ಧ ಗಂಟೆ ಆಯ್ತು."

"ಒನಕೆ ಬೀಳ್ಲಿ ತಡಿಯವ್ವ. ನನ್ನ ಕೂಸಿಗೆ ಆದಂಗೆ ಆಗೋದು ಬ್ಯಾಡ."

ಆ ವರ್ಷ ನೆಲಕ್ಕೆ ಸಿಮೆಂಟ್ ಹಾಕಿಸಿದ್ದರು. ಯಾರು ಎಷ್ಟು ನಡೆದರೂ ಅದುರದು. ಬೀಳಬೇಕೆಂದು ಒದ್ದಾಡಿದೆ, ಬುಡ ಕದಲಲಿಲ್ಲ. ಒರಳಿನಲ್ಲಿ ಅಷ್ಟು ವರ್ಷ ಬಡಿಸಿಕೊಂಡಾಗಲೂ ನನಗೆ ಅಂಥ ಸಂಕಟವಾಗಿರಲಿಲ್ಲ. ಕೆಂಚಮ್ಮ ನನ್ನನ್ನು ನೋಡಿದಳು, ನೆಲದ ರಕ್ತ ನೋಡಿದಳು. ತಟಕ್ಕನೆ ಕೈಬೀಸಿ ನನ್ನನ್ನು ಕೆಡವಿ, ಆಟೋ ಕರೆಯಲು ಬೀದಿಗೆ ಓಡಿದಳು.

ತಾಯಿ, ಮಗು ಇಬ್ಬರೂ ಉಳಿದರು. ಮಗುವಿನ ತುಟಿ ನೆಟ್ಟಗಿತ್ತು.

ತಿಂಗಳಾದ ಮೇಲೆ ಒಂದು ಬುಧವಾರ, ಬಿರುಬಿಸಿಲ ಮಧ್ಯಾಹ್ನ, ಕೆಂಚಮ್ಮ ಒಬ್ಬಳೇ ತಟ್ಟೆಗೆ ನೀರು ಹಾಕಿ ನನ್ನನ್ನು ನಿಲ್ಲಿಸಿ ಕೈಬಿಟ್ಟಳು. ನಿಂತೆ. ಅವಳು ಕಿಟಕಿಯಿಂದ ಸೂರ್ಯನನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಹಂಗಾರೆ ಅವತ್ತು ನಂದೇನೂ ತಪ್ಪಿರ್ಲಿಲ್ವಾ?" ಎಂದು ನನ್ನನ್ನೇ ಕೇಳಿ, ಗೊಳೋ ಎಂದು ಅತ್ತಳು.

ಈಗ ನನಗೆ ಗೆದ್ದಲು ಹತ್ತಿದೆ. ಹಿತ್ತಲ ಗೋಡೆಗೆ ಒರಗಿದ್ದೇನೆ. ಮೊನ್ನೆ ಗ್ರಹಣವಾದಾಗ ಯಾರೂ ನನ್ನನ್ನು ಕರೆಯಲಿಲ್ಲ. ಹಿತ್ತಲ ಬಾಗಿಲಲ್ಲಿ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕೆಂಚಮ್ಮ ಬದನೆಕಾಯಿ ಹೆಚ್ಚುತ್ತಿದ್ದಳು. ಹೋಳಿಗೊಮ್ಮೆ ಮೊಮ್ಮಗಳ ತುಟಿಯತ್ತ ನೋಡುತ್ತಿದ್ದಳು.